ಬಣ್ಣ ಹತ್ತದ ಜಾಗ

ಫೆಬ್ರವರಿ 9

ಭೂತಗನ್ನಡಿ ಅಕ್ಕನಿಗೆ,

ಫೋನ್ ಇರುವಾಗ ಕಾಗದ ಯಾಕೆ ಅಂತ ಹುಬ್ಬು ಹಾರಿಸಬೇಡ. ನಮ್ಮ ಮನೆಯಲ್ಲಿ ಫೋನಿನಲ್ಲಿ ಮಾತಾಡುವುದೂ ಬಸ್ ನಿಲ್ದಾಣದಲ್ಲಿ ನಿಂತು ಕೂಗುವುದೂ ಒಂದೇ. ಯಾವ ಬಸ್ಸು ಎಲ್ಲಿಗೆ, ಎಷ್ಟು ತಡ ಅಂತ ಅಮ್ಮ ಇಡೀ ದಿನ ಮೈಕಿನಲ್ಲಿ ಊರಿಗೆಲ್ಲ ಸಾರಿ ಬರುತ್ತಾಳಲ್ಲ, ಮನೆಗೆ ಬಂದ ಮೇಲಾದರೂ ಸುಮ್ಮನಿರಬಾರದೇ? ನಾನು ಫೋನ್ ಹಿಡಿದರೆ ಸಾಕು, ಪಕ್ಕದಲ್ಲೇ ಬಟ್ಟೆ ಮಡಿಸುವ ಕೆಲಸ ಹುಟ್ಟಿಕೊಳ್ಳುತ್ತದೆ. ಅದಕ್ಕೇ ಈ ಕಾಗದ. ನೀನು ಹಾಸ್ಟೆಲಿನಲ್ಲಿದ್ದಾಗ ಬರೆಯುತ್ತಿದ್ದೆನಲ್ಲ, ಹಾಗೆ ಅಂದುಕೋ.

ಕಪ್ಪೆಯ ಸಮಾಚಾರ ಇಷ್ಟು. ಈಜುಕೊಳದಲ್ಲಿ ಈ ಸಲ ಪುಟಾಣಿಗಳ ತಂಡ ನನ್ನ ಪಾಲಿಗೆ ಬಂದಿದೆ. ನೀರಿಗಿಳಿಯುವ ಮುಂಚೆ ಕೇಳಿದರೆ ಒಬ್ಬರಿಗೂ ಒಂದಕ್ಕೆ ಬಂದಿರುವುದಿಲ್ಲ, ಇಳಿದ ಮೇಲೂ ಒಬ್ಬರೂ ಮೇಲೆ ಹತ್ತಿ ಹೋಗುವುದಿಲ್ಲ. ಇದರ ಅರ್ಥವೇನು ಅಂತ ನಾನು ಯೋಚಿಸಲು ಹೋಗುವುದಿಲ್ಲ. ಒಬ್ಬಳು ನನ್ನ ಕುತ್ತಿಗೆಗೆ ಜೋತುಬಿದ್ದರೆ ಬಿಡುವುದೇ ಇಲ್ಲ. ಆದರೂ ನನಗೆ ಈ ಕೆಲಸ ಇಷ್ಟ.

ಈಗ ಅಸಲು ವಿಷಯ. ನನ್ನ ಹೊಟ್ಟೆ ಯಾಕೋ ಮುಂದೆ ಬರುತ್ತಿದೆ ಕಣೇ. ತಿನ್ನುವುದು ನೋಡಿದರೆ ಗುಬ್ಬಿಯಷ್ಟು. ಪ್ಯಾಂಟಿನ ಗುಂಡಿ ಹಾಕಲು ಆಗುತ್ತಿಲ್ಲ. ಬಾಯಾರಿಕೆಯಂತೂ ಕೇಳಲೇಬೇಡ, ಬಾಟಲಿ ತುಂಬಿಸಿದ್ದೂ ಗೊತ್ತಾಗುವುದಿಲ್ಲ, ಖಾಲಿಯಾದದ್ದೂ ಗೊತ್ತಾಗುವುದಿಲ್ಲ. ಪಂಪು ಮೊನ್ನೆ, 'ಹೀಗೇ ಕುಡೀತಾ ಇದ್ರೆ ಕೊಳದಲ್ಲಿ ನೀರು ಇಳಿದುಬಿಡುತ್ತೆ ಮಾರಾಯ್ತಿ' ಅಂದ. ಪಂಪು ಅಂದರೆ ಇಲ್ಲಿ ನೀರು ಶುದ್ಧ ಮಾಡುವ ಯಂತ್ರ ನೋಡಿಕೊಳ್ಳುವವನು, ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೆ ಊಟ ಮಾಡುತ್ತೇವೆ. ಬೆಳಿಗ್ಗೆ ಎದ್ದರೆ ವಾಕರಿಕೆ, ಮಧ್ಯಾಹ್ನ ತೂಕಡಿಕೆ. ಹೊಟ್ಟೆ ಸರಿಯಾಗಿ ಹೋಗುವುದೂ ಇಲ್ಲ.

ಈಜುವ ಬಟ್ಟೆಯಲ್ಲಿ ಏನನ್ನು ಮುಚ್ಚಿಡುವುದು? ದಡದಲ್ಲಿ ಕೂರುವ ಮಕ್ಕಳ ತಾಯಂದಿರ ಕಣ್ಣು ನನ್ನ ಹೊಟ್ಟೆಯ ಮೇಲೆ ಬಂದು ಕೂತು ಏಳುವುದೇ ಇಲ್ಲ. ಅಮ್ಮನೂ ನೋಡುತ್ತಾಳೆ. ಕೇಳುವುದಿಲ್ಲ. ನನಗೆ ಮೊದಲು ನಗು ಬರುತ್ತಿತ್ತು, ಈಗ ಬರುತ್ತಿಲ್ಲ.

ನೀನು ಡಾಕ್ಟರಾದರೂ ಗಾಜಿನ ಮೇಲಿನ ಚೂರು ನೋಡಿ ರೋಗಕ್ಕೆ ಹೆಸರಿಡುವವಳು, ಇಡೀ ಮನುಷ್ಯರನ್ನು ನೋಡಿ ಯಾವ ಕಾಲವಾಯಿತೋ. ಆದರೂ ಕೇಳುತ್ತೇನೆ. ಇದು ಗ್ಯಾಸಾ? ಭಾವನಿಗೆ ನನ್ನ ನೆನಪು ಹೇಳು.

ಒದ್ದೆ ಕೈಯಲ್ಲಿ ಬರೆದ
ಕಪ್ಪೆ


ಫೆಬ್ರವರಿ 18

ಕಪ್ಪೆ,

ನಿನ್ನ ಕಾಗದ ಬರುವ ಮುಂಚೆಯೇ ಅಮ್ಮನ ಫೋನ್ ಬಂದಿತ್ತು. ನೀನು ಕೆಲಸಕ್ಕೆ ಹೋದ ಹೊತ್ತು ನೋಡಿ ಮಾಡಿದ್ದಳು. ಅರ್ಧ ಮಾತು, ಅರ್ಧ ಅಳು. ಹಾಗಾಗಿ ಸುತ್ತಿ ಬಳಸಿ ಬರೆಯುವುದಿಲ್ಲ.

ಮುಟ್ಟು ಯಾವಾಗ ಆಗಿದ್ದು? ನಿಜ ಹೇಳು. ಅವನು ಯಾರು? ಆ ಪಂಪಿನವನೇನಾ? ಅವನಿಗೆ ಗೊತ್ತಿದೆಯೋ, ಗೊತ್ತಿದ್ದೂ ನೀರಿನ ಜೋಕು ಮಾಡಿಕೊಂಡು ಕೂತಿದ್ದಾನೋ? ವಾಂತಿ, ತೂಕಡಿಕೆ, ಹೊಟ್ಟೆ, ಇದಕ್ಕೆ ಭೂತಗನ್ನಡಿ ಬೇಕಾಗಿಲ್ಲ. ದಡದಲ್ಲಿ ಕೂತ ಹೆಂಗಸರಿಗೆ ತಿಳಿದದ್ದು ನಿನಗೆ ತಿಳಿಯಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಬೈಯುವುದಕ್ಕೆ ಬರೆಯುತ್ತಿಲ್ಲ. ಆದರೆ ಕೋಪ ಬರುವುದಿಲ್ಲ ಅಂತಲೂ ಅಲ್ಲ. ಮಗು ಬೇಕು ಅಂತ ನಾನೂ ನಿನ್ನ ಭಾವನೂ ಎಷ್ಟು ಕಾಲದಿಂದ ಯಾವ ಯಾವ ಬಾಗಿಲಲ್ಲಿ ಕೂತಿದ್ದೇವೆ ಅಂತ ನಿನಗೆ ಗೊತ್ತು. ನಿನಗೆ ಅದು ಆಟವಾಯಿತು. ಮೊದಲು ಪರೀಕ್ಷೆ ಮಾಡಿಸಿಕೋ. ಆಮೇಲೆ ಬರೆ. ಗ್ಯಾಸಾ ಅಂತ ಕೇಳಬೇಡ.

ಅಕ್ಕ


ಮಾರ್ಚ್ 11

ಕಪ್ಪೆ,

ಉತ್ತರ ಇಲ್ಲ. ಫೋನಿಗೂ ಬರುವುದಿಲ್ಲವಂತೆ. ಸ್ನಾನಕ್ಕೆ ಹೋಗಿದ್ದಾಳೆ, ಅಂಗಡಿಗೆ ಹೋಗಿದ್ದಾಳೆ ಅಂತ ಅಮ್ಮ ಹೇಳುತ್ತಾಳೆ. ಹಿಂದಿನಿಂದ ನಿನ್ನ ಕೆಮ್ಮು ಕೇಳಿಸುತ್ತದೆ.

ಒರಟಾಗಿ ಬರೆದೆ ಅನ್ನಿಸಿದರೆ ಒರಟಾಗಿಯೇ ತಿರುಗಿ ಬರೆ. ಸುಮ್ಮನೆ ಮಾತ್ರ ಇರಬೇಡ.

ಅಕ್ಕ


ಏಪ್ರಿಲ್ 21

ಅಕ್ಕ,

ನೀನು ಬಂದು, ನನ್ನ ಹಾಸಿಗೆಯ ಪಕ್ಕ ಕೂತು, ಕೈ ಹಿಡಿದು, ಏನೂ ಮಾತಾಡದೆ ಹೋದೆ. ಆಪರೇಷನ್ ಆಗಿ ಮೈಮೇಲೆ ಎಚ್ಚರವಿಲ್ಲದಿದ್ದದ್ದು ನನಗೆ. ನಿನಗೇನಾಗಿತ್ತು?

ಹೇಳಬೇಕಾದದ್ದು ನಾನೇ ಹೇಳುತ್ತೇನೆ. ನಿನ್ನ ಕಾಗದ ಓದಿದ ದಿನವೇ ಔಷಧಿ ಅಂಗಡಿಗೆ ಹೋಗಿ ಪರೀಕ್ಷೆಯ ಕಡ್ಡಿ ತಂದೆ. ಏನೂ ಇರಲಿಲ್ಲ. ಇರುವುದಕ್ಕೆ ಕಾರಣವೂ ಇರಲಿಲ್ಲ. ಅದನ್ನು ಅಮ್ಮನ ಮುಖದ ಮುಂದೆ ಹಿಡಿಯಬಹುದಿತ್ತು, ಕಾಗದಕ್ಕೆ ಅಂಟಿಸಿ ನಿನಗೆ ಕಳಿಸಬಹುದಿತ್ತು. ಕಸದ ಬುಟ್ಟಿಗೆ ಹಾಕಿದೆ. ನೀವಿಬ್ಬರೂ ಏನು ಬೇಕಾದರೂ ಅಂದುಕೊಳ್ಳಿ, ನಾನು ಬಾಯಿ ಬಿಡುವುದಿಲ್ಲ ಅಂತ ಹಟ ಹಿಡಿದೆ. ಡಾಕ್ಟರ ಹತ್ತಿರ ಹೋದರೂ ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ ಅಂತ ಹೋಗಲಿಲ್ಲ. ಸಡಿಲ ಅಂಗಿ ಹಾಕಿಕೊಂಡು ದಡದಲ್ಲಿ ನಿಂತೇ ಪಾಠ ಮಾಡಿದೆ.

ಕಡೆಕಡೆಗೆ ತಲೆ ಮಂಜಾಯಿತು. ಮಕ್ಕಳ ಹೆಸರು ಮರೆತೆ. ಒಂದು ದಿನ ನೀರಿನೊಳಗೆ ಉಸಿರು ಎಳೆದುಕೊಳ್ಳಿ ಅಂತ ಮಕ್ಕಳಿಗೆ ಹೇಳಿದೆನಂತೆ. ನನಗೆ ಅದರ ನೆನಪೇ ಇಲ್ಲ, ಪಂಪು ಹೇಳಿದ್ದು. ಅವನು ಓಡಿಬಂದು ಮಕ್ಕಳನ್ನೆಲ್ಲ ಮೇಲೆ ಹತ್ತಿಸಿ, ತಿರುಗಿ ನೋಡುವಷ್ಟರಲ್ಲಿ ನಾನು ಬಿದ್ದಿದ್ದೆ. ಎತ್ತಿಕೊಂಡು ಹೋದವನೂ ಅವನೇ. ಆಸ್ಪತ್ರೆಯಲ್ಲಿ ಅವನನ್ನು ನೋಡಿದ ಅಮ್ಮ ಕೇಳಿದ ಮೊದಲ ಮಾತು, 'ಇಷ್ಟು ದಿನ ಎಲ್ಲಿದ್ದೆಪ್ಪಾ?' ಪಾಪ, ಅವನು 'ಪಂಪ್ ರೂಮಲ್ಲಿದ್ದೆ ಅಮ್ಮ' ಅಂದನಂತೆ. ಈಗ ನೆನೆಸಿಕೊಂಡು ನಕ್ಕರೆ ಹೊಲಿಗೆ ಎಳೆಯುತ್ತದೆ.

ಬಲಗಡೆಯ ಅಂಡಾಶಯದಲ್ಲಿ ಗೆಡ್ಡೆ. ಕರಬೂಜದಷ್ಟು ದೊಡ್ಡದು. ಸರ್ಜನ್ ಬಂದು, 'ಹರೆಯದ ಹುಡುಗೀರಿಗೆ ಬರೋ ಗೆಡ್ಡೆ ಕಣಮ್ಮಾ, ಒಳ್ಳೇ ಜಾತೀದು, ತೆಗೆದಾಯ್ತು, ಇನ್ನು ಹಾಯಾಗಿರು' ಅಂದರು. ಗೆಡ್ಡೆಯಲ್ಲೂ ಜಾತಿ ಇದೆಯಾ ಅಂತ ಕೇಳಬೇಕು ಅನ್ನಿಸಿತು. ಬಾಯಾರಿಕೆ ಈಗ ಇಲ್ಲ.

ನೀನು ಹೋಗುವಾಗ ಚೀಲದಲ್ಲಿ ಏನೋ ಪೆಟ್ಟಿಗೆ ಇಟ್ಟುಕೊಂಡೆಯಲ್ಲ, ನನ್ನ ಗೆಡ್ಡೆಯ ಚೂರುಗಳಂತೆ. ಎಲ್ಲರೂ ತವರಿಂದ ಏನೇನೋ ಕಟ್ಟಿಸಿಕೊಂಡು ಹೋಗುತ್ತಾರೆ. ನೀನು ಇದನ್ನು ಕಟ್ಟಿಸಿಕೊಂಡು ಹೋದೆ.

ನಿನ್ನ ಮೇಲಿನ ಕೋಪ ಪೂರ್ತಿ ಹೋಗಿಲ್ಲ. ಮುಕ್ಕಾಲು ಹೋಗಿದೆ.

ಕಪ್ಪೆ


ಮೇ 4

ಅಮ್ಮಾ,

ಇದನ್ನು ನಿನ್ನ ಬಸ್ ನಿಲ್ದಾಣದ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಮನೆಗೆ ಒಯ್ಯಬೇಡ. ಮೈಕ್ ಆರಿಸಿ, ಕೂತು ಓದು.

ಅಲ್ಲಿನವರು ಕೊಟ್ಟ ವರದಿ ತಪ್ಪು. ಬೇಕಂತ ಮಾಡಿದ ತಪ್ಪಲ್ಲ. ಅವಳ ಗೆಡ್ಡೆಯ ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಸಣ್ಣ ಜೀವಕೋಶಗಳ ರಾಶಿ, ನಡುನಡುವೆ ಗುಳಿ, ಗುಳಿಯೊಳಗೆ ಗುಲಾಬಿ ಬಣ್ಣದ ದ್ರವ. ಸರ್ಜನ್ ಹೇಳಿದ ಆ ಸಾಧು ಗೆಡ್ಡೆಯಲ್ಲೂ ಹೀಗೇ ಇರುತ್ತದೆ. ಇನ್ನೊಂದು ಗೆಡ್ಡೆ ಇದೆ, ಇದೇ ವಯಸ್ಸಿನ ಹುಡುಗಿಯರಿಗೇ ಬರುವುದು, ಇದೇ ವೇಷ ಹಾಕಿಕೊಂಡು ಬರುವುದು. ಅದು ಎಷ್ಟು ಅಪರೂಪ ಅಂದರೆ ನಮ್ಮ ಕೆಲಸದವರಲ್ಲಿ ಹೆಚ್ಚಿನವರು ಅದನ್ನು ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ಕಾಣದೆ ನಿವೃತ್ತರಾಗುತ್ತಾರೆ.

ಮನೆಯವರ ಸ್ಲೈಡನ್ನು ನಾವೇ ಓದಬಾರದು ಅಂತ ನಮ್ಮ ವಿಭಾಗದಲ್ಲಿ ಕಟ್ಟಳೆ. ಹಾಗಾಗಿ ಹೆಸರು ಮುಚ್ಚಿ ನಮ್ಮ ಹಿರಿಯ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ತುಂಬಾ ಹೊತ್ತು ನೋಡಿದರು. ತಲೆ ಎತ್ತದೆಯೇ, 'ಈ ಹುಡುಗಿ ವಿಪರೀತ ನೀರು ಕುಡೀತಿದ್ಲಾ?' ಅಂತ ಕೇಳಿದರು. ಹೌದು ಅಂದೆ ಅಮ್ಮಾ. ಈ ಗೆಡ್ಡೆ ಹಲವರಲ್ಲಿ ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ. ಅದು ಏರಿದರೆ ಬಾಯಾರಿಕೆ, ವಾಕರಿಕೆ, ಮಲಬದ್ಧತೆ, ತೂಕಡಿಕೆ, ಕಡೆಗೆ ಬುದ್ಧಿಭ್ರಮೆ. ಆ ಕಡೆಯದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವಳು ಫೆಬ್ರವರಿಯಲ್ಲೇ ನನಗೆ ಬರೆದಿದ್ದಳು. ನಾನು ಅದನ್ನು ಓದಿ ಏನು ಬರೆದೆ ಅಂತ ನಿನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಕಡೆಯದಾಗಿ ಒಂದು ಬಣ್ಣದ ಪರೀಕ್ಷೆ ಇದೆ. ನಮ್ಮ ಮೈಯ ಎಲ್ಲ ಜೀವಕೋಶದಲ್ಲೂ ಇರಲೇಬೇಕಾದ ಒಂದು ಪ್ರೋಟೀನ್ ಉಂಟು. ಅದು ಇದ್ದ ಕಡೆ ಕಂದು ಬಣ್ಣ ಹತ್ತುತ್ತದೆ. ಸ್ಲೈಡು ಕೈಗೆ ಬಂದಾಗ ನೋಡಿದೆ. ರಕ್ತನಾಳದ ಗೋಡೆಗೆ ಬಣ್ಣ ಹತ್ತಿತ್ತು, ಸುತ್ತಲಿನ ಎಳೆಗಳಿಗೆ ಹತ್ತಿತ್ತು. ಗೆಡ್ಡೆಗೆ ಮಾತ್ರ ಹತ್ತಿರಲಿಲ್ಲ. ಒಂದು ಕೋಶಕ್ಕೂ ಇಲ್ಲ. ದಿನವೂ ನಾವು ಇರುವುದನ್ನು ನೋಡಿ ರೋಗ ಹೇಳುತ್ತೇವೆ, ಇದನ್ನು ಇಲ್ಲದ್ದನ್ನು ನೋಡಿ ಹೇಳಬೇಕು. ಬಣ್ಣ ಹಾಕುವುದರಲ್ಲೇ ತಪ್ಪಾಗಿರಲಿ ಅಂತ ಮತ್ತೊಮ್ಮೆ ಮಾಡಿಸಿದೆ. ಮತ್ತೆ ಹಾಗೇ ಬಂತು.

ಇದು ಬಹಳ ಕೆಟ್ಟ ಕ್ಯಾನ್ಸರ್. ಬಲು ಬೇಗ ಹರಡುತ್ತದೆ. ಕೂಡಲೇ ಕೀಮೋ ಶುರುವಾಗಬೇಕು. ಅಲ್ಲಿನ ಕ್ಯಾನ್ಸರ್ ಡಾಕ್ಟರಿಗೆ ನಾನು ಹೇಳಿದ್ದೇನೆ. ಅವಳಿಗೆ ಹೇಳುವುದು ಹೇಗೆ?

ನಿನ್ನ
ದೊಡ್ಡವಳು


ಮೇ 9

ದೊಡ್ಡವಳಿಗೆ,

ನೀನು ಬರೆದದ್ದು ಅರ್ಧ ಅರ್ಥವಾಯಿತು, ಅಷ್ಟೇ ಸಾಕು.

ಅವಳಿಗೆ ಹೇಳಬೇಡ. ಉಳಿದ ಬೇರು ಒಣಗಲಿ ಅಂತ ಔಷಧಿ ಕೊಡುತ್ತಾರೆ ಅಂತ ಹೇಳಿದ್ದೇನೆ. ಅವಳು ನಂಬಿದ್ದಾಳೆ. ನಿನ್ನೆ ಕನ್ನಡಿ ಮುಂದೆ ನಿಂತು, 'ಅಮ್ಮಾ, ಹೊಟ್ಟೆ ಹೋಯ್ತು ನೋಡು, ಇನ್ನು ಆ ಹೆಂಗಸರು ಏನು ಮಾತಾಡ್ಕೋತಾರೋ' ಅಂದಳು. ಆ ಮುಖ ನೋಡಿದ್ದರೆ ನೀನೂ ಹೇಳುತ್ತಿರಲಿಲ್ಲ.

ನಾನು ಅವಳ ಮೇಲೆ ಅನುಮಾನಪಟ್ಟವಳು. ಹೆತ್ತವಳಾಗಿ ಏನಾಗಿದೆ ಅಂತ ಒಂದು ಮಾತು ಕೇಳಲಿಲ್ಲ, ಕೇಳಿದರೆ ಹೌದು ಅಂದುಬಿಡುತ್ತಾಳೆ ಅಂತ ಹೆದರಿದೆ. ಈಗ ಇನ್ನೊಂದು ಏಟು ನನ್ನ ಕೈಯಿಂದ ಬೇಡ. ಅವಳು ನಗುವಷ್ಟು ದಿನ ನಗಲಿ.

ಅಮ್ಮ


ಮೇ 16

ಅಕ್ಕ,

ಅಮ್ಮ ಇಡೀ ಊರಿಗೆ ಸುದ್ದಿ ಹೇಳಿ ಸಂಬಳ ತೆಗೆದುಕೊಳ್ಳುವವಳು. ಆದರೆ ಸುಳ್ಳು ಹೇಳಲು ಬರುವುದಿಲ್ಲ. ಔಷಧಿ ಯಾಕೆ ಅಂತ ಕೇಳಿದರೆ ಬೇರು ಅನ್ನುತ್ತಾಳೆ. ಹೊಟ್ಟೆಯಲ್ಲಿ ಬೇರು ಎಲ್ಲಿಂದ ಬಂತು ಅಂದರೆ ಒಲೆ ಕಡೆ ತಿರುಗಿ ನಿಲ್ಲುತ್ತಾಳೆ. ಬೇರಿಗೆ ಇಷ್ಟು ಔಷಧಿಯೇ? ನನ್ನ ಪಕ್ಕದ ಹಾಸಿಗೆಯವರಿಗೆಲ್ಲ ಕ್ಯಾನ್ಸರ್. ನಾನೊಬ್ಬಳೇ ತರಕಾರಿಯವಳಾ?

ಇದು ನನ್ನ ಹೊಟ್ಟೆ. ಅದರ ಚೂರನ್ನು ನೀನು ನೋಡಿದ್ದೀಯ, ಇಲ್ಲಿನ ಡಾಕ್ಟರಿಗೆ ಗೊತ್ತು, ಅಮ್ಮನಿಗೆ ಗೊತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಫೆಬ್ರವರಿಯಲ್ಲೂ ಹಾಗೇ ಆಗಿತ್ತು, ನನ್ನ ಬಗ್ಗೆ ನನ್ನನ್ನು ಬಿಟ್ಟು ಎಲ್ಲರೂ ತೀರ್ಮಾನ ಮಾಡಿದ್ದಿರಿ. ಇನ್ನೊಂದು ಸಲ ಹಾಗೆ ಮಾಡಿದರೆ ನಾನು ನಿನ್ನನ್ನು ಕ್ಷಮಿಸುವುದಿಲ್ಲ.

ಹೆಸರು ಹೇಳು. ಪೂರ್ತಿ ಹೇಳು.

ಕಪ್ಪೆ


ಮೇ 22

ನನ್ನ ಕಪ್ಪೆಮರಿ,

ಹೇಳುತ್ತೇನೆ. ಅಮ್ಮ ನನ್ನನ್ನು ಬೈದರೆ ಬೈಯಲಿ.

ಅಂಡಾಶಯದ ಸಣ್ಣಕೋಶದ ಕ್ಯಾನ್ಸರ್, ಕ್ಯಾಲ್ಸಿಯಂ ಏರಿಸುವ ಬಗೆಯದು. ಇದರ ಉದ್ದ ಹೆಸರನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದಿದ್ದೆ, ಮತ್ತೆ ಬರೆಯಬೇಕಾಗುತ್ತದೆ ಅಂದುಕೊಂಡಿರಲಿಲ್ಲ. ಆಪರೇಷನ್ ಆಗುವಾಗಲೇ ಅದು ಹೊಟ್ಟೆಯ ಒಳಪದರಕ್ಕೆ ಸಿಡಿದಿತ್ತು. ಕೀಮೋಗೆ ಕೆಲವರಲ್ಲಿ ಬಗ್ಗುತ್ತದೆ. ಹೆಚ್ಚಿನವರಲ್ಲಿ ತಿರುಗಿ ಬರುತ್ತದೆ. ಬಂದರೆ ಬೇಗ ಬರುತ್ತದೆ. ಎಷ್ಟು ದಿನ ಅಂತ ಕೇಳಬೇಡ, ನನಗೆ ಗೊತ್ತಿಲ್ಲ. ಗೊತ್ತು ಅನ್ನುವವರನ್ನು ನಂಬಬೇಡ.

ಫೆಬ್ರವರಿಯಲ್ಲೇ ಹೊಟ್ಟೆ ತೆರೆದಿದ್ದರೆ ಏನಾಗುತ್ತಿತ್ತು ಅಂತಲೂ ಕೇಳಬೇಡ. ನಾನೇ ದಿನವೂ ಕೇಳಿಕೊಳ್ಳುತ್ತಿದ್ದೇನೆ. ಆಗಿನ ನನ್ನ ಕಾಗದ ಡಾಕ್ಟರ್ ಬರೆದದ್ದಲ್ಲ, ಅಕ್ಕನೂ ಬರೆದದ್ದಲ್ಲ. ಮಗು ಆಗದ ಒಬ್ಬ ಹೆಂಗಸು ಬರೆದದ್ದು. ನಿನಗೆ ಆಗಿದೆ ಅಂದುಕೊಂಡು ಹೊಟ್ಟೆ ಉರಿದುಕೊಂಡೆ ಕಣೇ. ಆ ಉರಿಯಲ್ಲಿ ನಿನ್ನ ಬಾಯಾರಿಕೆ ನನಗೆ ಕಾಣಲೇ ಇಲ್ಲ.

ಕೀಮೋ ದಿನ ನಾನು ಬಂದು ಪಕ್ಕದಲ್ಲಿ ಕೂರುತ್ತೇನೆ. ಮಾತಾಡುತ್ತೇನೆ ಈ ಸಲ.

ಅಕ್ಕ


ಜುಲೈ 19

ಭೂತಗನ್ನಡಿ,

ತಲೆಯಲ್ಲಿ ಒಂದು ಕೂದಲೂ ಇಲ್ಲ. ಈಗ ನಾನು ನಿಜವಾದ ಕಪ್ಪೆ. ಪಂಪು ನೋಡಲು ಬಂದಿದ್ದ. ಏನು ಹೇಳಬೇಕೋ ತಿಳಿಯದೆ, 'ನೀರಲ್ಲಿ ಇನ್ನೂ ಸಲೀಸಾಗಿ ಹೋಗಬಹುದು ಬಿಡು' ಅಂದ. ಆಮೇಲೆ ಹೊರಗೆ ಹೋಗಿ ಅತ್ತನಂತೆ, ಅಮ್ಮ ಹೇಳಿದಳು. ಅಮ್ಮನಿಗೆ ಈಗ ಅವನ ಮೇಲೆ ವಿಪರೀತ ಪ್ರೀತಿ, ಅನುಮಾನಪಟ್ಟದ್ದಕ್ಕೆ ಬಡ್ಡಿ ಸೇರಿಸಿ ಉಪಚಾರ ಮಾಡುತ್ತಾಳೆ.

ನೀನು ಹೇಳಿದ ಮೇಲೆ ಅಮ್ಮ ಎರಡು ದಿನ ನಿನ್ನನ್ನು ಶಪಿಸಿದಳು. ಮೂರನೆಯ ದಿನ ನನ್ನ ಪಕ್ಕ ಬಂದು ಮಲಗಿದಳು. ಈಗ ನಾವಿಬ್ಬರೂ ಹೇಗೆ ಬೇಕೋ ಹಾಗೆ ಮಾತಾಡುತ್ತೇವೆ, ಅಳುತ್ತೇವೆ. ನೀನು ಹೇಳಿದ್ದು ಒಳ್ಳೆಯದಾಯಿತು.

ಆದರೆ ಪೂರ್ತಿ ಹೇಳಲಿಲ್ಲ. ಇಲ್ಲಿನ ಕ್ಯಾನ್ಸರ್ ಡಾಕ್ಟರು ನನ್ನ ರಕ್ತದ ಜೀನ್ ಪರೀಕ್ಷೆ ಮಾಡಿಸಿದ್ದರು. ಕೀಮೋ ದಿನ ನೀನು ಹೇಳಿದೆಯಲ್ಲ, ಬಣ್ಣ ಹತ್ತದೇ ಹೋದ ಆ ಪ್ರೋಟೀನಿನ ಜೀನ್ ಹುಟ್ಟಿನಿಂದಲೇ ನನ್ನಲ್ಲಿ ಕೆಟ್ಟಿದೆಯಂತೆ. 'ಅಕ್ಕ ತಂಗಿಯರಿದ್ದಾರಾ? ಅವರಿಗೂ ಇರಬಹುದು, ಅವರೂ ನೋಡಿಸಿಕೊಳ್ಳಲೇಬೇಕು' ಅಂದರು. ಅಕ್ಕ ಇದೇ ಕೆಲಸ ಮಾಡುವ ಡಾಕ್ಟರು ಅಂದೆ. 'ಹಾಗಾದ್ರೆ ಅವರಿಗೆ ಆಗಲೇ ಗೊತ್ತಿರುತ್ತೆ' ಅಂದರು.

ನಿನಗೆ ಆಗಲೇ ಗೊತ್ತಿತ್ತು. ನೋಡಿಸಿಕೊಂಡೆಯಾ?

ಕಪ್ಪೆ


ಆಗಸ್ಟ್ 1

ಕಪ್ಪೆಮರಿ,

ಸ್ಕ್ಯಾನಿನಲ್ಲಿ ಗಂಟುಗಳು ಸ್ವಲ್ಪ ಇಳಿದಿವೆ ಅಂತ ನಿನ್ನ ಡಾಕ್ಟರು ಹೇಳಿದರು. ಕೇಳಿ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬಾ ಊಟ ಮಾಡಿದೆ. ನಿನ್ನ ಭಾವ ನಿನಗೆ ಉಣ್ಣೆಯ ಟೊಪ್ಪಿಗೆ ಹುಡುಕುತ್ತಾ ಊರೆಲ್ಲ ಸುತ್ತಿದ. ಸಿಕ್ಕಿದ್ದು ಹಸಿರು ಬಣ್ಣದ್ದು, ಕಪ್ಪೆಗೆ ಸರಿಯಾಗಿದೆ ಅಂತ ತಂದಿದ್ದಾನೆ.

ಇಲ್ಲಿ ಕೆಲಸ ಜಾಸ್ತಿ. ಇಬ್ಬರು ರಜದಲ್ಲಿದ್ದಾರೆ, ಸ್ಲೈಡಿನ ತಟ್ಟೆಗಳು ಮೇಜು ತುಂಬಿವೆ. ನೀನು ಕೇಳಿದ್ದನ್ನು ನೋಡೋಣ, ಆತುರವೇನಿಲ್ಲ. ಮೊದಲು ನೀನು ಹುಷಾರಾಗು.

ಅಕ್ಕ


ಆಗಸ್ಟ್ 8

ಅಕ್ಕ,

ನನ್ನ ಪ್ರಶ್ನೆಗೆ ಟೊಪ್ಪಿಗೆ ಕಳಿಸಿದ್ದೀಯ.

ನೀನು ಯಾಕೆ ನೋಡಿಸಿಕೊಳ್ಳುತ್ತಿಲ್ಲ ಅಂತ ನನಗೆ ಗೊತ್ತು. ಇದೆ ಅಂತ ಬಂದರೆ ಎರಡೂ ಅಂಡಾಶಯ ತೆಗೆಸಬೇಕು. ಮಗುವಿನ ಆಸೆ ಮುಗಿಯಿತು. ಅದಕ್ಕೆ ಕಣ್ಣು ಮುಚ್ಚಿಕೊಂಡು ಕೂತಿದ್ದೀಯ. ಊರವರ ಚೂರನ್ನೆಲ್ಲ ನೋಡಿ ಹಣೆಬರಹ ಹೇಳುವವಳು ನೀನು.

ಕೇಳು. ನಾನು ಇನ್ನೆಷ್ಟು ಕಾಗದ ಬರೆಯಬಲ್ಲೆನೋ ನನಗೆ ಗೊತ್ತಿಲ್ಲ. ಅಷ್ಟನ್ನೂ ಪಣಕ್ಕಿಡುತ್ತಿದ್ದೇನೆ. ರಕ್ತ ಕೊಟ್ಟು, ಫಲಿತಾಂಶ ಬಂದು, ಅದನ್ನು ನೀನು ನಿನ್ನ ಕೈಯಾರೆ ಬರೆದು ಕಳಿಸುವವರೆಗೆ ನನ್ನಿಂದ ಒಂದಕ್ಷರ ಬರುವುದಿಲ್ಲ. ಫೋನಿಗೂ ಬರುವುದಿಲ್ಲ. ಬಂದು ಪಕ್ಕದಲ್ಲಿ ಕೂತರೂ ಗೋಡೆ ಕಡೆ ತಿರುಗಿಕೊಳ್ಳುತ್ತೇನೆ. ನನ್ನ ಹಟ ನಿನಗೆ ಗೊತ್ತಿದೆ.

ಕಪ್ಪೆ


ಆಗಸ್ಟ್ 24

ನಾನು ಬಂದೆ. ನೀನು ಗೋಡೆ ಕಡೆ ತಿರುಗಿಕೊಂಡೆ. ಹಸಿರು ಟೊಪ್ಪಿಗೆಯ ಹಿಂಭಾಗ ನೋಡುತ್ತಾ ಇಡೀ ಮಧ್ಯಾಹ್ನ ಕೂತೆ. ನಿನ್ನ ಬೆನ್ನಿನ ಮೂಳೆಗಳು ಅಂಗಿಯ ಮೇಲಿಂದಲೇ ಕಾಣುತ್ತವೆ. ನನಗೆ ಇಷ್ಟು ದೊಡ್ಡ ಶಿಕ್ಷೆ ಬೇಡ ಕಣೇ. ಉಳಿದ ದಿನ ಜಗಳದಲ್ಲಿ ಕಳೆಯುವುದು ಬೇಡ. ಮಾತಾಡು.

ಅಕ್ಕ


ಸೆಪ್ಟೆಂಬರ್ 3

ಮಾತಾಡು ಅಂದರೂ ನೀನು ಮಾತಾಡಲಿಲ್ಲ. ನೀನೇ ಗೆದ್ದೆ. ಇವತ್ತು ರಕ್ತ ಕೊಟ್ಟೆ. ಸೂಜಿ ಚುಚ್ಚಿದ ಹುಡುಗಿ ನಮ್ಮ ವಿಭಾಗದವಳೇ, 'ನಿಮಗ್ಯಾಕೆ ಮೇಡಂ ಇದು?' ಅಂತ ಕೇಳಿದಳು. ನನ್ನ ತಂಗಿ ಮಾತು ಬಿಟ್ಟಿದ್ದಾಳೆ, ಅದಕ್ಕೆ ಅಂದೆ. ಅವಳಿಗೆ ಅರ್ಥವಾಗಲಿಲ್ಲ.

ಅಕ್ಕ


ಸೆಪ್ಟೆಂಬರ್ 27

ನನ್ನ ಕಪ್ಪೆಮರಿ,

ನನ್ನ ಕೈಯಾರೆ ಬರೆಯುತ್ತಿದ್ದೇನೆ. ಇದೆ. ನಿನ್ನಲ್ಲಿ ಎಲ್ಲಿ ಕೆಟ್ಟಿದೆಯೋ ನನ್ನಲ್ಲೂ ಅಲ್ಲೇ ಕೆಟ್ಟಿದೆ.

ಕೂಡಲೇ ಸ್ಕ್ಯಾನ್ ಮಾಡಿದರು. ಎಡಗಡೆ ಏನೋ ಸಣ್ಣದಾಗಿ ಕಾಣುತ್ತಿದೆ. ನೀರಿನ ಗುಳ್ಳೆಯೂ ಇರಬಹುದು, ಅದೂ ಇರಬಹುದು. ಅಂಡ ತೆಗೆದು ಮುಂದಕ್ಕೆ ಜೋಪಾನ ಮಾಡಿಡಬಹುದೇ ಅಂತ ಕೇಳಿದೆ. ಅಷ್ಟು ದಿನ ಕಾಯುವುದು ಬೇಡ ಅಂದರು. ಸಿಕ್ಕಿದ ತಾರೀಕು ಬಿಟ್ಟರೆ ಇಲ್ಲಿನ ಸರ್ಜನ್ ಮತ್ತೆ ಸಿಗುವುದು ಬಹಳ ತಡ, ತಪ್ಪಿಸಲೇಬೇಡಿ ಅಂತ ನಮ್ಮ ಹಿರಿಯರು ಒಂದೇ ಸಮ ಹೇಳುತ್ತಿದ್ದಾರೆ. ಅಕ್ಟೋಬರ್ ಹದಿಮೂರಕ್ಕೆ ಆಪರೇಷನ್.

ಮನೆಗೆ ಬಂದು ನಿನ್ನ ಭಾವನ ಮುಂದೆ ಬಿಕ್ಕಿ ಬಿಕ್ಕಿ ಅತ್ತೆ. ಅವನು, 'ನಂಗೆ ಮಗು ಬೇಕಿತ್ತು ನಿಜ, ಆದ್ರೆ ನಿನ್ನ ಬದಲಿಗೆ ಬೇಕು ಅಂತ ಯಾವತ್ತು ಹೇಳಿದ್ದೆ?' ಅಂದ. ಅವನು ಯಾವತ್ತೂ ಹಾಗೆ ಹೇಳಿರಲಿಲ್ಲ. ನಾನೇ ನನಗೆ ಹೇಳಿಕೊಂಡಿದ್ದೆ.

ನಿನಗೆ ಮತ್ತೆ ಬಾಯಾರಿಕೆ ಶುರುವಾಗಿದೆ ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ಅದರ ಅರ್ಥ ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ತಲೆ ಮತ್ತೆ ಮಂಜಾಗುವ ಮುಂಚೆ ಈ ಕಾಗದ ನಿನ್ನನ್ನು ಮುಟ್ಟಲಿ. ಹೊಲಿಗೆ ಬಿಚ್ಚಿದ ಮರುದಿನವೇ ಬರುತ್ತೇನೆ. ಗೋಡೆ ಕಡೆ ತಿರುಗಬೇಡ.

ನಿನ್ನ ಮಾತು ಕೇಳಿದ
ಅಕ್ಕ


ಅಕ್ಟೋಬರ್ 22

ದೊಡ್ಡವಳಿಗೆ,

ಇದನ್ನು ಅಳಿಯಂದಿರ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ. ನಿನ್ನ ಹೊಲಿಗೆ ಬಿಚ್ಚಿದ ಮೇಲೆ, ಮನೆಗೆ ಬಂದು ಕೂತ ಮೇಲೆ ಕೊಡಿ ಅಂತ ಹೇಳಿದ್ದೇನೆ. ಅವರನ್ನು ಬೈಯಬೇಡ. ಅವರು ನಾನು ಹೇಳಿದಂತೆ ನಡೆದುಕೊಂಡಿದ್ದಾರೆ ಅಷ್ಟೇ.

ನಿನ್ನ ಕಾಗದ ಬಂದ ದಿನ ಅವಳಿಗೆ ಎಚ್ಚರವಿತ್ತು. ಕಣ್ಣು ಕತ್ತಲಿಡುತ್ತದೆ, ನೀನೇ ಓದು ಅಂದಳು. ಓದಿದೆ. ಇದೆ ಅನ್ನುವಲ್ಲಿಗೆ ಬಂದಾಗ ಕಾಗದ ಕೆಳಗಿಟ್ಟೆ. ಅವಳು, 'ಮುಂದೆ ಓದಮ್ಮಾ, ತಾರೀಕು ಹಾಕಿದ್ದಾಳಾ ನೋಡು' ಅಂದಳು. ತಾರೀಕು ಕೇಳಿದ ಮೇಲೆ ನಿರಾಳವಾದಳು. ನಿನಗೆ ಉತ್ತರ ಬರೆಯಬೇಕು ಅಂತ ಪೆನ್ನು ಕೇಳಿದಳು. ಹಿಡಿದಳು, ಬರೆಯಲು ಆಗಲಿಲ್ಲ. ನಾನು ಬರೆದುಕೊಳ್ಳುತ್ತೇನೆ ಹೇಳು ಅಂದೆ. ತುಂಬಾ ಯೋಚಿಸಿ, 'ಕೋಪ ಪೂರ್ತಿ ಹೋಯ್ತು ಅಂತ ಹೇಳು. ಅಷ್ಟು ಹೇಳಿದ್ರೆ ಅವಳಿಗೆ ಗೊತ್ತಾಗುತ್ತೆ' ಅಂದಳು.

ಆಮೇಲೆ ನನ್ನ ಕೈ ಹಿಡಿದು ಇನ್ನೊಂದು ಮಾತು ಹೇಳಿದಳು. 'ನಾನು ಹದಿಮೂರಕ್ಕಿಂತ ಮುಂಚೆ ಹೋದ್ರೆ ಅಕ್ಕನಿಗೆ ತಿಳಿಸಬೇಡ. ಅವಳು ಎಲ್ಲ ಬಿಟ್ಟು ಓಡಿಬರ್ತಾಳೆ. ಒಂದು ಸಲ ತಾರೀಕು ತಪ್ಪಿಸಿದ್ಲು ಅಂದ್ರೆ ಮತ್ತೆ ಹೋಗೋಳಲ್ಲ ಅವಳು.' ನನ್ನಿಂದ ಏನನ್ನೂ ಮುಚ್ಚಿಡಬೇಡಿ ಅಂತ ಮನೆಯೆಲ್ಲ ರಂಪ ಮಾಡಿದ ಹುಡುಗಿ. ಮುಚ್ಚಿಡು ಅಂತ ನನ್ನ ಕೈಯಲ್ಲಿ ಭಾಷೆ ತೆಗೆದುಕೊಂಡಳು.

ಅವಳು ಹೋದದ್ದು ಹನ್ನೊಂದನೆಯ ತಾರೀಕು, ಬೆಳಿಗ್ಗೆ. ಅದಕ್ಕೆ ಮುಂಚೆ ಎರಡು ದಿನ ಮಾತಿರಲಿಲ್ಲ, ನಿದ್ದೆಯಲ್ಲೇ ಇದ್ದಳು. ನೋವಿರಲಿಲ್ಲ ಅಂತ ಡಾಕ್ಟರು ಹೇಳಿದರು, ನಾನು ನಂಬಿದ್ದೇನೆ. ಪಂಪಿನ ಹುಡುಗ ಬಾಗಿಲಲ್ಲೇ ಇದ್ದ. ಎಲ್ಲಾ ಅವನೇ ಮುಂದೆ ನಿಂತು ಮಾಡಿದ.

ಅವತ್ತು ಸಂಜೆ ನೀನು ಫೋನ್ ಮಾಡಿದೆ. ನಾಡಿದ್ದು ಆಪರೇಷನ್, ಹೆದರಿಕೆ ಆಗುತ್ತಿದೆ ಅಮ್ಮಾ ಅಂದೆ. ನಾನು ಹೆದರಬೇಡ ಅಂದೆ. ಅವಳು ಹೇಗಿದ್ದಾಳೆ ಅಂತ ನೀನು ಕೇಳಿದೆ. ಇವತ್ತು ನೋವಿಲ್ಲ ಅಂದೆ. ಅವಳ ಹಾಸಿಗೆಯ ಮೇಲೆ ಕೂತೇ ಹೇಳಿದೆ. ಮರುದಿನವೂ ನೀನು ಕೇಳಿದೆ, ಆಪರೇಷನ್ ಆಗಿ ಎಚ್ಚರವಾದ ಮೇಲೂ ಮೊದಲು ಅದನ್ನೇ ಕೇಳಿದೆ. ನಾನು ದಿನವೂ ಒಂದೊಂದು ಹೇಳಿದೆ. ಒಬ್ಬಳನ್ನು ಕಳಿಸಿ ಬಂದು ಇನ್ನೊಬ್ಬಳಿಗೆ ಹೀಗೆ ಹೇಳುವ ಗತಿ ಯಾವ ತಾಯಿಗೂ ಬೇಡ. ಆಪರೇಷನ್ ದಿನ ನಾನು ಬರಲಿಲ್ಲ ಅಂತ ನಿನಗೆ ಬೇಸರವಾಗಿದೆ ಅಂತ ಅಳಿಯಂದಿರು ಹೇಳಿದರು. ಬಂದಿದ್ದರೆ ನನ್ನ ಮುಖ ನೋಡಿ ನಿನಗೆ ಗೊತ್ತಾಗಿಬಿಡುತ್ತಿತ್ತು.

ನಿನ್ನದನ್ನು ನಿಮ್ಮ ಹಿರಿಯ ಡಾಕ್ಟರೇ ನೋಡಿದರಂತೆ. ಎಡಗಡೆಯದರಲ್ಲಿ ಅದೇ ಇತ್ತಂತೆ. ಕಡಲೆ ಕಾಳಿನಷ್ಟು. ಹೊರಗೆ ಎಲ್ಲೂ ದಾಟಿಲ್ಲವಂತೆ. ಆದರೂ ಔಷಧಿ ಕೊಡುತ್ತಾರಂತೆ, ನಿನಗೂ ಕೂದಲು ಹೋಗುತ್ತದೆ. ಇನ್ನೊಂದು ತಿಂಗಳು ತಡವಾಗಿದ್ದರೆ ಏನಾಗುತ್ತಿತ್ತೋ ಹೇಳಲು ಬರುವುದಿಲ್ಲ ಅಂತ ಅವರು ಅಳಿಯಂದಿರಿಗೆ ಹೇಳಿದರಂತೆ. ಅದನ್ನು ಕೇಳಿದಾಗ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಯಾರಿಗೆ ಹೇಳುವುದು? ಅವಳಿಗೆ ಹೇಳಬೇಕಿತ್ತು.

ಇನ್ನು ನಿನ್ನಿಂದ ಮುಚ್ಚಿಡುವುದು ಏನೂ ಉಳಿದಿಲ್ಲ. ನಾಳೆ ಬಸ್ಸು ಹತ್ತಿ ನಿನ್ನ ಹತ್ತಿರ ಬರುತ್ತೇನೆ. ನಾನು ಬರುವವರೆಗೆ ತಡೆದುಕೊಂಡು ಕೂರಬೇಡ. ಅಳು. ಹೊಟ್ಟೆ ನೋಯುತ್ತದೆ, ಗಾಯದ ಮೇಲೆ ಕೈ ಒತ್ತಿ ಹಿಡಿದುಕೊಂಡು ಅಳು.

ಅಮ್ಮ